ಬಾಯಾರುವ ಕಲ್ಲು

ರಿಪ್ಪನ್‌ಪೇಟೆ
10 ಫೆಬ್ರವರಿ 2025

ಮಗಳೇ ಶ್ಯಾಮಲಾ,

ನಿನ್ನೆ ನಿನ್ನ ಫೋನು ಬಂದಾಗ ನಾನು ನನ್ನಾಕೆ ಕುಮುದಾಳ ಎದುರಿಗೇ ಕೂತಿದ್ದೆ. ಅವಳ ಮುಖ ನೋಡಿ ಏನೋ ಆಗಿದೆ ಅನ್ನಿಸಿತು. "ಎಂತಂತೆ?" ಎಂದು ಕೇಳಿದ್ದಕ್ಕೆ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: ಹೂವಮ್ಮನ ಕೋಣೆಯ ಬಲ್ಬು ಆರಿಸಿದರೂ ಆರುವುದಿಲ್ಲವಂತೆ.

ಜನ್ಮವಿಡೀ ಮೋಟಾರಿನ ಕಾಯಿಲು ಸುತ್ತಿ ರಿಪೇರಿ ಮಾಡಿದವನ ಕಿವಿ ನನ್ನದು, ಈಗ ಪೂರ್ತಿ ಹೋಗಿದೆ. ಸಾಗರದ ಡಾಕ್ಟರು ಕೊಟ್ಟ ಮಿಷನ್ನು ಸಿಕ್ಕಿಸಿಕೊಂಡರೆ ಬಿರುಗಾಳಿ ಬೀಸಿದ ಹಾಗೆ ಕೇಳುತ್ತದೆಯೇ ಹೊರತು ಮಾತಲ್ಲ. ಅದಕ್ಕೇ ಇನ್ನು ಮೇಲೆ ಬರೆ. ಕಾಗದ ಆದರೆ ನಿನ್ನ ದನಿಯಲ್ಲೇ ಓದಿಕೊಳ್ಳುತ್ತೇನೆ.

ಬಲ್ಬಿನ ವಿಷಯಕ್ಕೆ ಹೆದರಬೇಡ. ಆ ಕೋಣೆಯ ಸ್ವಿಚ್ಚಿನಲ್ಲಿ ಕೆಂಪು ಚುಕ್ಕೆಯಷ್ಟು ದೀಪ ಇದೆ ನೋಡು. ಆ ಚುಕ್ಕೆ ಉರಿಯಲಿಕ್ಕೆ ಒಂದು ಎಳೆ ಕರೆಂಟು ಸದಾ ಹರಿಯುತ್ತಿರುತ್ತದೆ. ಹಳೆಯ ಬಲ್ಬಿಗೆ ಅದು ಸಾಲುತ್ತಿರಲಿಲ್ಲ. ಈಗಿನ ಎಲ್‌ಇಡಿಗೆ ಅಷ್ಟೇ ಸಾಕು, ಮಿಣುಕುತ್ತದೆ. ಸತ್ತವರಿಗೂ ಅದಕ್ಕೂ ಸಂಬಂಧ ಇಲ್ಲ, ಅಪಾಯವೂ ಇಲ್ಲ.

ಬಿಂದು "ಮಾರಜ್ಜಂಗೆ ಇದೆಲ್ಲ ಯಾರು ಹೇಳ್ಕೊಟ್ರು?" ಎಂದು ಕೇಳಿದಳಂತೆ. ಅವಳಿಗೆ ಓದಿ ಹೇಳು.

ನಮ್ಮಪ್ಪ ಇಲ್ಲಿಯ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಅವನಿಗೆ ಗಂಜಿ ಒಯ್ಯುವುದು ನನ್ನ ಮತ್ತು ತಂಗಿ ಹೂವಿಯ ಕೆಲಸ. ನಿನಗೆ ಅತ್ತೆಯಾದ ಆ ಹೂವಮ್ಮನಿಗೆ ಆಗ ಹಾಲುಹಲ್ಲೂ ಬಿದ್ದಿರಲಿಲ್ಲ. ಒಂದು ದಿನ ನೆಲ ತೊಳೆದು ಒದ್ದೆಯಾಗಿತ್ತು. ನಾನು ಬರಿಗಾಲಲ್ಲಿ ಹೋಗಿ ಮೋಟಾರಿನ ಮೈಮೇಲೆ ಕೈ ಇಟ್ಟೆ. ಕೈ ಬಿಡಲೇ ಇಲ್ಲ. ನಾನು ಹಿಡಿದದ್ದಲ್ಲ, ಅದು ನನ್ನನ್ನು ಹಿಡಿದದ್ದು. ಕೂಗಬೇಕೆಂದರೆ ಗಂಟಲೂ ಅದರದೇ ಆಗಿತ್ತು. ಹೂವಿ ನನ್ನ ಅಂಗಿ ಹಿಡಿದೆಳೆಯಲು ಓಡಿ ಬರುವುದು ಕಾಣುತ್ತಿತ್ತು. ಅಷ್ಟರಲ್ಲಿ ಮಿಲ್ಲಿನ ಫಿಟ್ಟರ್ ಮುಕುಂದಯ್ಯ ಅವಳನ್ನು ಗೋಣಿಯಲ್ಲಿ ಸುತ್ತಿ ಪಕ್ಕಕ್ಕೆ ಎಸೆದು, "ಮುಟ್ಟಬೇಡ, ಮೇನ್ ಇಳಿಸು!" ಎಂದು ತಮಗೆ ತಾವೇ ಕೂಗಿಕೊಳ್ಳುತ್ತಾ, ಭತ್ತ ಕೆದಕುವ ಕೋಲಿನಿಂದ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಹೊಡೆದರು.

ನಾನು ಸಾಯಲಿಲ್ಲ. ಮರುದಿನವೂ ಅಲ್ಲಿಗೇ ಹೋದೆ. ಮುಕುಂದಯ್ಯ ಬೈಯಲಿಲ್ಲ. "ಅದಕ್ಕೆ ನಿನ್ ಮೇಲೆ ಎಂತ ಸಿಟ್ಟೂ ಇಲ್ಲ ಮಾರಾಯ. ಅದಕ್ಕೆ ನೆಲಕ್ಕೆ ಹೋಗ್ಬೇಕು. ದಾರೀಲಿ ನೀನು ನಿಂತಿದ್ದೆ. ಬೇರೆ ದಾರಿ ಕೊಟ್ಟಿದ್ರೆ ಅದರಲ್ಲೇ ಹೋಗ್ತಿತ್ತು" ಎಂದರು. ನನ್ನ ಶಾಲೆ ಶುರುವಾದದ್ದು ಆ ಮಾತಿನಿಂದ. ಹೂವಿಯ ಕೈಗೂ ಅವರು ಕೋಲು ಕೊಟ್ಟು ಮೇನ್ ಇಳಿಸುವುದನ್ನು ಕಲಿಸಿದರು. ಆಮೇಲೆ ಅವಳು ಸಾಯುವವರೆಗೂ ಗುಡುಗಿನ ಮೊದಲ ಸದ್ದಿಗೆ ಕೋಲು ಹಿಡಿದು ಮೇನ್ ಇಳಿಸಲು ಜಗಲಿಗೆ ಓಡುತ್ತಿದ್ದುದನ್ನು ನೀನೇ ನೋಡಿದ್ದೀಯ.

ಬಿಂದುವಿಗೆ ಮುತ್ತು.

ನಿನ್ನ ಕಿವುಡು ಮಾವ,
ಮಾರಪ್ಪ


ಅರಳಸುರಳಿ
21 ಫೆಬ್ರವರಿ 2025

ಮಾವನವರಿಗೆ,

ನಿಮ್ಮ ಕಾಗದ ಓದಿದ ಮೇಲೆ ಬಲ್ಬಿಗೆ ಹೆದರುವುದು ಬಿಟ್ಟಿದ್ದೇನೆ. ಸಂಜೆ ಅತ್ತೆಯ ಕೋಣೆಯ ಬಾಗಿಲು ಎಳೆಯುವಾಗ ಒಳಗೆ ಹಾಲಿನ ಕೆನೆಯಂಥ ಬೆಳಕು ಕಾಣುತ್ತದೆ, ಇರಲಿ ಅಂದುಕೊಳ್ಳುತ್ತೇನೆ.

ಈಗ ಬೇರೆಯೇ ಒಂದು ಶುರುವಾಗಿದೆ. ಗ್ರೈಂಡರು ಕಚ್ಚುತ್ತಿದೆ.

ದೋಸೆ ಹಿಟ್ಟು ರುಬ್ಬಿ ಎರಡು ಹೋಟೆಲಿಗೆ ಕೊಡುತ್ತೇನಲ್ಲ, ಬೆಳಿಗ್ಗೆ ಅದರ ಮುಂದೆಯೇ ನನ್ನ ಕೆಲಸ. ಮೊದಲ ಸಲ ಇರುವೆ ಕಚ್ಚಿತು ಅಂದುಕೊಂಡೆ. ಆಮೇಲೆ ಮೊಣಕೈವರೆಗೆ ಬಂತು. ಇವರನ್ನು ಕರೆದು ತೋರಿಸಿದರೆ ಎರಡೂ ಕೈ ಇಟ್ಟು, "ಎಂತ ಇಲ್ವಲ್ಲೇ! ನಿಂಗೆ ಭ್ರಮೆ" ಅಂದರು. ಇವರು ಮುಟ್ಟಿದರೆ ಸುಮ್ಮನಿರುತ್ತದೆ, ನಾನು ಮುಟ್ಟಿದರೆ ಕಚ್ಚುತ್ತದೆ. ಊರಿನ ಎಲೆಕ್ಟ್ರೀಷಿಯನ್ ತೀರ್ಥೇಶನನ್ನು ಕರೆಸಿದೆವು. ಅವನು ಮಧ್ಯಾಹ್ನ ಬಂದು ಟೆಸ್ಟರ್ ಇಟ್ಟು ನೋಡಿ, "ಅಕ್ಕಾ, ಇದು ಹಸುವಿನಂಥ ಗ್ರೈಂಡರು" ಎಂದು ನಕ್ಕು ಚಾ ಕುಡಿದು ಹೋದ. ಮರುದಿನ ಬೆಳಿಗ್ಗೆ ಮತ್ತೆ ಕಚ್ಚಿತು.

ಮಾವಾ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಬೆಳಿಗ್ಗೆ ಆ ಹೊತ್ತು ಅತ್ತೆಯ ಸ್ನಾನದ ಹೊತ್ತು. ಹೋದ ಬೇಸಿಗೆಯಲ್ಲಿ ನಮಗಿಬ್ಬರಿಗೂ ಆದ ಮಾತು ನಿಮಗೆ ಗೊತ್ತೇ ಇದೆ, ನೀವೇ ಬಂದು ಸಮಾಧಾನ ಮಾಡಿದ್ದಿರಿ. ಬಾವಿ ತಳ ಕಂಡಿತ್ತು. ಅತ್ತೆ ಕುಂಕುಮ ಹಚ್ಚಿದ ಹಿತ್ತಲ ಕಲ್ಲಿಗೆ, ಆ ಚೌಡಿ ದೇವರಿಗೆ, ದಿನಾ ಒಂದು ಕೊಡ ನೀರು ಸುರಿಯುತ್ತಿದ್ದರು. "ಮನುಷ್ಯರಿಗೇ ನೀರಿಲ್ಲ, ನಿಮ್ಮ ಚೌಡಿಗೆ ಕೊಡಗಟ್ಟಲೆ ಬೇಕಾ?" ಅಂದುಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. "ಅದಕ್ಕೂ ಬಾಯಾರ್ತದೆ ಕಣೇ" ಅಂದರು ಅಷ್ಟೇ. ಅವತ್ತಿನಿಂದ ಕೊಡ ಮುಟ್ಟಲಿಲ್ಲ. ತಾವು ಮುಖ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು ಒಯ್ದು ಹಾಕುತ್ತಿದ್ದರು. ಆ ಬೋಗುಣಿ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಕರೆಂಟಿಗೆ ಆಳು ಗೊತ್ತಾಗುತ್ತದಾ ಮಾವಾ? ಇಂಥವರನ್ನೇ ಕಚ್ಚಬೇಕು ಅಂತ ಇರುತ್ತದಾ?

ಗ್ರೈಂಡರನ್ನು ನಾಳೆ ಬಸ್ಸಿಗೆ ಹಾಕಿ ಕಳಿಸುತ್ತಿದ್ದೇನೆ. ಬಿಚ್ಚಿ ನೋಡಿ.

ನಿಮ್ಮ ಸೊಸೆ,
ಶ್ಯಾಮಲಾ


ರಿಪ್ಪನ್‌ಪೇಟೆ
3 ಮಾರ್ಚ್ 2025

ಶ್ಯಾಮಲಾ,

ನಿನ್ನ ಗ್ರೈಂಡರು ಬಂದು ಒಂದು ವಾರವಾಯಿತು. ಪೂರ್ತಿ ಬಿಚ್ಚಿದೆ. ಕಾಯಿಲು ಹೊಸದರ ಹಾಗಿದೆ. ಮೀಟರು ಇಟ್ಟು ನೋಡಿದೆ, ನೀರು ಚಿಮುಕಿಸಿ ನೋಡಿದೆ, ಒದ್ದೆ ಗೋಣಿಯ ಮೇಲಿಟ್ಟು ನೋಡಿದೆ. ಒಂದು ಹನಿ ಕರೆಂಟೂ ಸೋರುವುದಿಲ್ಲ. ತೀರ್ಥೇಶ ಹೇಳಿದ್ದು ಸರಿ, ಇದು ಕಚ್ಚುವ ಜಾತಿಯಲ್ಲ. ಇದೇ ಬಸ್ಸಿಗೆ ವಾಪಸ್ ಕಳಿಸುತ್ತಿದ್ದೇನೆ.

ಆದರೆ ನಿನಗೆ ಭ್ರಮೆ ಎಂದು ನಾನು ಹೇಳುವುದಿಲ್ಲ. ಕಚ್ಚಿಸಿಕೊಂಡವಳಿಗೆ ಗೊತ್ತಿರುತ್ತದೆ.

ಕರೆಂಟಿಗೆ ಆಳು ಗೊತ್ತಾಗುವುದಿಲ್ಲ ಮಗಳೇ. ಅತ್ತೆ, ಸೊಸೆ, ಸಾಹುಕಾರ ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಕಾಲು. ದಿನೇಶ ಹಿಮ್ಮಡಿ ನೋವೆಂದು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತಾನಲ್ಲ? ನೀನು ಹಿಟ್ಟಿನ ನೀರು ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತೀಯ. ನಿನ್ನ ಮೂಲಕ ನೆಲಕ್ಕೆ ದಾರಿ ಇದೆ, ಅವನ ಮೂಲಕ ಇಲ್ಲ. ಇವತ್ತಿನಿಂದ ಅಡುಗೆಮನೆಯಲ್ಲಿ ಚಪ್ಪಲಿ ಹಾಕಿಕೋ, ಒಣ ಹಲಗೆಯ ಮೇಲೆ ನಿಲ್ಲು. ದೇವರ ಗೂಡು ಅಲ್ಲೇ ಇದೆ ಎಂದು ಸಂಕೋಚ ಬೇಡ, ದೇವರಿಗೆ ನಾನು ಹೇಳುತ್ತೇನೆ.

ನನಗೆ ಅರ್ಥವಾಗದಿರುವುದು ಒಂದೇ. ನಿಮ್ಮ ಮನೆಯ ವೈರಿಂಗೂ ಅರ್ಥಿಂಗೂ ನಾನೇ ಮಾಡಿದ್ದು, ದಿನೇಶ ತೊಟ್ಟಿಲಲ್ಲಿದ್ದ ಕಾಲದಲ್ಲಿ. ಯಾವ ಸಾಮಾನು ಎಷ್ಟು ಸೋರಿದರೂ ಅದನ್ನು ನೆಲ ಕುಡಿದುಬಿಡಬೇಕು. ನಿನ್ನವರೆಗೆ ಬರಬಾರದು. ಹೂವಿ ಇರುವವರೆಗೆ ಬರಲಿಲ್ಲವಲ್ಲ.

ಇಷ್ಟು ಬರೆ. ಬೆಳಿಗ್ಗೆ ಎಂದರೆ ಯಾವಾಗ? ಆಗ ಮನೆಯಲ್ಲಿ ಇನ್ನೇನು ನಡೆಯುತ್ತಿರುತ್ತದೆ? ಹೂವಿ ಹೋದ ಮೇಲೆ ಮನೆಯಲ್ಲಿ ಏನೇನು ಬದಲಾಯಿತು? ಸಣ್ಣದೆಂದು ಬಿಡಬೇಡ.

ಮಾರಪ್ಪ ಮಾವ


ಅರಳಸುರಳಿ
14 ಮಾರ್ಚ್ 2025

ಮಾವಾ,

ಗ್ರೈಂಡರು ನಿಮ್ಮಲ್ಲಿದ್ದ ವಾರ ಫ್ರಿಜ್ಜು ಕಚ್ಚಿತು.

ಅದರ ಬಾಗಿಲು ತೆಗೆದು ಪಕ್ಕದ ತಗಡಿಗೆ ಕೈ ತಾಗಿತು, ಅಷ್ಟೇ. ಆಮೇಲೆ ಇಸ್ತ್ರಿ ಪೆಟ್ಟಿಗೆ. ಒಂದನ್ನು ಮನೆಯಿಂದ ಕಳಿಸಿದರೆ ಇನ್ನೊಂದರೊಳಗೆ ಹೋಗಿ ಕೂರುತ್ತದೆ. ಫ್ರಿಜ್ಜಿನ ಹಿಂದೆ ಬೆಚ್ಚಗೆ ಮಲಗುವ ಬೆಕ್ಕು ಈಗ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಒಳಗೆ ನೋಡುತ್ತದೆ, ಕಾಲಿಡುವುದಿಲ್ಲ. ಹಾಲು ತೋರಿಸಿ ಕರೆದರೂ ಇಲ್ಲ.

ನೀವು ಕೇಳಿದ್ದಕ್ಕೆ ಬರೆಯುತ್ತೇನೆ. ಇವರು ಸ್ನಾನಕ್ಕೆ ಹೋದ ಹೊತ್ತಿನಲ್ಲೇ ಹೆಚ್ಚು. ಇವರು ಬಚ್ಚಲಲ್ಲಿ, ನಾನು ಒಲೆಯ ಹತ್ತಿರ. ಇವರು ಹೊರಗೆ ಬಂದ ಮೇಲೆ ಏನೂ ಇಲ್ಲ. ಅದಕ್ಕೇ ಇವರು ನಂಬುವುದೇ ಇಲ್ಲ. "ನಾನಿದ್ದಾಗ ಕಚ್ಚಕ್ಕೆ ಅಮ್ಮಂಗೆ ನಾಚಿಕೆಯಾ?" ಎಂದು ತಮಾಷೆ ಮಾಡುತ್ತಾರೆ. ನನಗೆ ಅಳು ಬರುತ್ತದೆ.

ಬದಲಾದದ್ದು ಅಂದರೆ ಹೆಚ್ಚೇನಿಲ್ಲ. ಅತ್ತೆಗೆ ಕಾಯಿಲೆಯಲ್ಲಿ ಬಿಸಿನೀರು ಬೇಕೆಂದು ತಂದ ಪುಟ್ಟ ಗೀಸರನ್ನು ಈಗ ನಾವೆಲ್ಲ ಬಳಸುತ್ತೇವೆ. ಹಂಡೆಗೆ ಬೆಂಕಿ ಹಾಕುವುದು ಬಿಟ್ಟಿದ್ದೇವೆ. ಯುಗಾದಿ ಬಂತಲ್ಲ, ಬಚ್ಚಲಿನ ಪ್ಲಾಸ್ಟಿಕ್ಕಿನ ನಲ್ಲಿ ಒಡೆದದ್ದಕ್ಕೆ ಇವರು ಸ್ಟೀಲಿನ ನಲ್ಲಿ, ಸ್ಟೀಲಿನ ಪೈಪು ತಂದಿಟ್ಟಿದ್ದಾರೆ. ಮಂಗಳವಾರ ಸಂಜೆ ಕೂರಿಸುತ್ತಾರಂತೆ.

ಇನ್ನೊಂದು. ಅತ್ತೆಯ ಹಿತ್ತಲ ಕಲ್ಲು ಈಗ ನಮ್ಮಲ್ಲಿಲ್ಲ. ನೀವು ಜ್ವರದಿಂದ ತಿಥಿಗೆ ಬಂದಿರಲಿಲ್ಲ, ಅದಕ್ಕೆ ಗೊತ್ತಿಲ್ಲ. ಇವರ ಚಿಕ್ಕಪ್ಪ ಧರ್ಮಪ್ಪ, "ನಿತ್ಯ ನೀರು ಕಾಣ್ತಿದ್ದ ಚೌಡಿ ಮಾರಾಯ, ಒಣಗಿಸಿ ಇಟ್ಕೊಂಡ್ರೆ ಮನೆಗೆ ಒಳ್ಳೇದಲ್ಲ. ಬನಕ್ಕೆ ಸೇರಿಸಿಬಿಡಿ" ಅಂದರು. ನನಗೂ ಅದೇ ಸರಿ ಕಂಡಿತು. ಕಾಯಿ ಒಡೆದು, ಅರಿಶಿನ ನೀರು ಹಾಕಿ ಎಬ್ಬಿಸಿದೆವು. ಬುಡದಲ್ಲಿ ತುಕ್ಕು ಹಿಡಿದ ಪೈಪಿತ್ತು, ಅದಕ್ಕೆ ದಪ್ಪ ತಂತಿ ಸುತ್ತಿತ್ತು. ಅತ್ತೆ ಯಾವುದೋ ಹರಕೆಗೆ ಕಟ್ಟಿದ ಕಂಕಣ ಇರಬೇಕು ಎಂದರು ಚಿಕ್ಕಪ್ಪ. ಕಟಿಂಗ್ ಪ್ಲೇಯರಿಗೂ ಕುಂಕುಮ ಹಚ್ಚಿ, ಇವರು ಕೈಮುಗಿದೇ ಅದನ್ನು ಕತ್ತರಿಸಿದರು. ಮುರಿದು ಬಂದ ಪೈಪಿನ ತುಂಡನ್ನೂ ತಂತಿಯನ್ನೂ ಕಲ್ಲಿನ ಜೊತೆಗೇ ಚೌಡಿ ಬನಕ್ಕೆ ಒಯ್ದಿಟ್ಟು ಬಂದೆವು. ಗುಂಡಿ ಮುಚ್ಚಿ ಸಾರಿಸಿ ರಂಗೋಲಿ ಹಾಕಿದ್ದೇನೆ.

ಎಲ್ಲ ಶಾಸ್ತ್ರವಾಗಿಯೇ ಮಾಡಿದೆವು ಮಾವಾ. ಆದರೂ ಅತ್ತೆ ಯಾಕೆ ಹೋಗುತ್ತಿಲ್ಲ?

ಶ್ಯಾಮಲಾ


ರಿಪ್ಪನ್‌ಪೇಟೆ
19 ಮಾರ್ಚ್ 2025, ಬುಧವಾರ ಬೆಳಿಗ್ಗೆ
(ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ)

ಶ್ಯಾಮಲಾ, ದಿನೇಶ,

ಇದನ್ನು ನಿಂತಲ್ಲೇ ಓದಿ. ಓದುವ ಮೊದಲು ಗೀಸರ್ ಸ್ವಿಚ್ಚು ಹಾಕಿದ್ದರೆ ಅದರ ಹತ್ತಿರ ಹೋಗಬೇಡಿ. ಹೊಸ ಸ್ಟೀಲ್ ನಲ್ಲಿ ಮುಟ್ಟಬೇಡಿ. ಬಿಂದುವನ್ನು ಎತ್ತಿಕೊಂಡು ಹೊರಗೆ ಕೂರಿಸಿ. ಮೇನ್ ಇಳಿಸಿ. ಕೈಯಲ್ಲಿ ಅಲ್ಲ, ಆ ಪೆಟ್ಟಿಗೆಯೂ ಕಬ್ಬಿಣದ್ದು, ಅದೂ ಕಚ್ಚುತ್ತದೆ. ಚಪ್ಪಲಿ ಹಾಕಿ, ಒಣಕೋಲಿನಿಂದ ಇಳಿಸಿ.

ನಿನ್ನ ಕಾಗದ ನಿನ್ನೆಯೇ ಬಂದಿತ್ತು. ಕಿವಿ ತೋರಿಸಲು ಸಾಗರಕ್ಕೆ ಹೋಗಿದ್ದೆ. ಕುಮುದಾ ಅಲ್ಲೇ ಮಗಳ ಮನೆಯಲ್ಲಿ ಉಳಿದಳು, ನಾನೊಬ್ಬನೇ ಬಂದು ಮಲಗಿಬಿಟ್ಟೆ. ಈಗ ಚಾ ಇಟ್ಟುಕೊಂಡು ಒಡೆದೆ. ಚಾ ಹಾಗೇ ಇದೆ.

ಅದು ಚೌಡಿಯಲ್ಲ. ಅದು ನಿಮ್ಮ ಮನೆಯ ಅರ್ಥಿಂಗು. ಆಳುದ್ದದ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಪೈಪು ನಿಲ್ಲಿಸಿದವನು ನಾನು. ನೆಲ ಒಣಗಿದರೆ ಅದು ಕೆಲಸ ಮಾಡುವುದಿಲ್ಲ, ಬೇಸಿಗೆಯಲ್ಲಿ ನೀರು ಬೇಕು. "ಇದಕ್ಕೆ ಬಾಯಾರಿಕೆ ಆಗ್ತದೆ ಹೂವಿ, ಮರೀಬೇಡ" ಎಂದು ಹೇಳಿದವನೂ ನಾನೇ. ಕರು ಕಾಲು ಹಾಕದಿರಲೆಂದು ಅವಳು ಮೇಲೆ ಕಲ್ಲಿಟ್ಟಳು. "ಕುಂಕುಮ ಹಚ್ಚಿದ್ರೆ ಯಾರೂ ಮುಟ್ಟಲ್ಲ ಅಣ್ಣ" ಎಂದು ನಗುತ್ತಲೇ ಕುಂಕುಮ ಹಚ್ಚಿದಳು. ಇದು ನಿಮಗೂ ಗೊತ್ತಿದೆ, ಚೌಡಿ ಎನ್ನುವುದು ಬರೀ ತಮಾಷೆ ಎಂದುಕೊಂಡು ನಾನೂ ಎಂದೂ ಬಿಡಿಸಿ ಹೇಳಲಿಲ್ಲ.

ಗ್ರೈಂಡರು, ಫ್ರಿಜ್ಜು, ಇಸ್ತ್ರಿ, ಗೀಸರು, ಎಲ್ಲದರ ಹಸಿರು ವೈರುಗಳು ಗೋಡೆಯೊಳಗೆ ಒಂದಾಗಿ ಆ ಪೈಪಿಗೆ ಹೋಗುತ್ತಿದ್ದವು. ನಿಮ್ಮ ಗೀಸರು ಒಳಗೆ ಸೋರುತ್ತಿದೆ. ಸೋರಿದ್ದನ್ನು ಇಷ್ಟು ದಿನ ನೆಲ ಕುಡಿಯುತ್ತಿತ್ತು. ನೀವು ಕೈಮುಗಿದು ಅದರ ದಾರಿ ಕತ್ತರಿಸಿದಿರಿ. ಈಗ ಯಾರು ಗೀಸರು ಹಾಕಿದರೂ ಅದು ಹಸಿರು ವೈರು ಹಿಡಿದು ಮನೆಯೆಲ್ಲ ಸುತ್ತಿ, ಬರಿಗಾಲು ಎಲ್ಲಿದೆ ಎಂದು ಹುಡುಕುತ್ತದೆ. ಬಚ್ಚಲಲ್ಲಿ ಪ್ಲಾಸ್ಟಿಕ್ ಇದ್ದದ್ದರಿಂದ ಅಲ್ಲಿ ನಿಮಗೆ ಗೊತ್ತಾಗಲಿಲ್ಲ. ಸ್ಟೀಲು ಕೂರಿಸಿದ ಮೇಲೆ ಒದ್ದೆ ಮೈಯಲ್ಲಿ ಮೊದಲು ನಲ್ಲಿ ಹಿಡಿದವರನ್ನು ಅದು ಬಿಡುವುದಿಲ್ಲ. ಹಿಡಿತ ಹೇಗಿರುತ್ತದೆಂದು ನನಗೆ ಗೊತ್ತು.

ಈಗಷ್ಟೇ ನಿನ್ನ ಫೋನಿಗೆ ಕರೆ ಮಾಡಿದೆ. ಮೆಸೇಜು ಕಳಿಸಲು ನನಗೆ ಬರುವುದಿಲ್ಲ; ಕೇಳಿಸದಿದ್ದರೇನು, ಹೇಳಲು ಬಾಯಿ ಇದೆಯಲ್ಲ. ಪರದೆಯ ಮೇಲೆ ಸೆಕೆಂಡು ಓಡಲು ಶುರುವಾಯಿತು. ಯಾರೋ ಎತ್ತಿದಿರಿ. "ಮುಟ್ಟಬೇಡ, ಮೇನ್ ಇಳಿಸು" ಎಂದು ಗಂಟಲು ಬೀಳುವವರೆಗೆ ಕೂಗಿದೆ. ಆ ಕಡೆ ಯಾರಿದ್ದರು, ಏನೆಂದರು, ನನಗೆ ತಿಳಿಯದು. ಬೆಂಗಾಡಿನಲ್ಲಿ ನಿಂತು ಕೂಗಿದ ಹಾಗಿತ್ತು. ಪಕ್ಕದ ಅಂಗಡಿಯವರಾರೂ ಇನ್ನೂ ಬಾಗಿಲು ತೆಗೆದಿಲ್ಲ. ಬಸ್ಸು ನಿಂತಿದೆ, ಕಂಡಕ್ಟರು ಅವಸರ ಮಾಡುತ್ತಿದ್ದಾನೆ. ಮಂಡಿ ಊದಿದೆ, ಹೇಗಾದರೂ ಮಾಡಿ ಶುಕ್ರವಾರ ಬರುತ್ತೇನೆ.

ಒಂದು ಸಾಲು ಬರೆದು ಇದೇ ಬಸ್ಸಿಗೆ ಕೊಡಿ. ಸಂಜೆ ನಿಲ್ದಾಣದಲ್ಲಿ ಕೂತಿರುತ್ತೇನೆ.

ಮಾರಪ್ಪ


ಅರಳಸುರಳಿ
19 ಮಾರ್ಚ್ 2025

ಮಾವಾ,

ಮೊದಲೇ ಬರೆಯುತ್ತೇನೆ: ಎಲ್ಲರೂ ಇದ್ದೇವೆ. ಬಿಂದು ಇಲ್ಲೇ ನನ್ನ ಸೀರೆ ಹಿಡಿದು ಕೂತಿದ್ದಾಳೆ.

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಇವರು ನಿನ್ನೆ ಸಂಜೆ ಸ್ಟೀಲ್ ನಲ್ಲಿ ಕೂರಿಸಿದರು. ಬೆಳಿಗ್ಗೆ ಬೇಗ ಲಗೇಜ್ ಆಟೋ ತೆಗೆದುಕೊಂಡು ತೀರ್ಥಹಳ್ಳಿಗೆ ಬಾಡಿಗೆಗೆ ಹೋದರು, ಸ್ನಾನವನ್ನೂ ಮಾಡದೆ. ನಾನು ಬಿಂದುವಿಗೆ ಎಣ್ಣೆ ಹಚ್ಚಿ, ಬಟ್ಟೆ ಬಿಚ್ಚಿ, ಮುಂಬಾಗಿಲ ಚಿಲಕ ಹಾಕಿಕೊಂಡು ಬಚ್ಚಲಿಗೆ ಬಂದೆ. ಗೀಸರ್ ಸ್ವಿಚ್ಚು ಹಾಕಿದೆ. ಹೊಸ ನಲ್ಲಿ ಹೊಳೆಯುತ್ತಿತ್ತಲ್ಲ, ಬಿಂದು "ನಾನೇ ತಿರುಗಿಸ್ತೀನಿ, ನಾನೇ" ಎಂದು ಒದ್ದೆ ನೆಲದ ಮೇಲೆ ಓಡಿ ಕೈ ಚಾಚಿದಳು.

ಗೀಸರಿನ ಕೆಂಪು ದೀಪ ಆರಿತು.

ಬಿಂದು ನಲ್ಲಿ ಹಿಡಿದಳು, ತಿರುಗಿಸಿದಳು. ತಣ್ಣೀರು ಬಂತು. "ಹಾಳು ಕರೆಂಟು, ಈಗ್ಲೇ ಹೋಗ್ಬೇಕಿತ್ತಾ!" ಎಂದು ಬೈಯುತ್ತಾ ತಣ್ಣೀರಲ್ಲೇ ಸ್ನಾನ ಮಾಡಿಸಿದೆ. ಅವಳು ಅತ್ತಳು. ಅಳು ನಿಂತ ಮೇಲೆ ಪಕ್ಕದ ಮನೆಯ ಮಿಕ್ಸಿ ಕೇಳಿಸಿತು. ಊರಿನ ಕರೆಂಟು ಹೋಗಿರಲಿಲ್ಲ.

ಜಗಲಿಗೆ ಬಂದು ನೋಡಿದರೆ ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು. ಅದರ ಕೆಳಗೆ ನೆಲದ ಮೇಲೆ ಅತ್ತೆಯ ಕೋಲು ಬಿದ್ದಿತ್ತು. ಆ ಕೋಲನ್ನು ತಿಥಿಯ ದಿನ ನಾನೇ ಅವರ ಕೋಣೆಯ ಗೂಟಕ್ಕೆ ಸಿಕ್ಕಿಸಿದ್ದು. ಯಾರೂ ಮುಟ್ಟಿರಲಿಲ್ಲ.

ಆಗ ಅತ್ತೆಯ ಕೋಣೆಯಿಂದ ಮಾತು ಕೇಳಿತು. ಗೋಡೆ ಹಿಡಿದುಕೊಂಡು ಹೋದೆ. ಅವರ ಮಂಚದ ಮೇಲೆ ನನ್ನ ಫೋನು. ಅದರೊಳಗೆ ನಿಮ್ಮ ದನಿ, ಒಡೆದು ಹೋದ ದನಿ: ಮುಟ್ಟಬೇಡ, ಮೇನ್ ಇಳಿಸು, ಮುಟ್ಟಬೇಡ, ಮೇನ್ ಇಳಿಸು. "ಮಾವಾ, ಮಾವಾ" ಎಂದು ಕೂಗಿದೆ. ನಿಮಗೆ ಕೇಳಲಿಲ್ಲ. ನೀವು ಇಟ್ಟುಬಿಟ್ಟಿರಿ.

ಫೋನು ನಾನು ಎತ್ತಲಿಲ್ಲ. ಬಿಂದು ನನ್ನ ಜೊತೆಗಿದ್ದಳು. ಚಿಲಕ ಹಾಕಿದ ಹಾಗೇ ಇತ್ತು.

ನಿಮ್ಮ ಕಾಗದ ಬರುವವರೆಗೂ ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ಕಾಗದ ಓದಿದ ಮೇಲೆ ಎದ್ದು ಹಿತ್ತಲಿಗೆ ಹೋಗಿ, ಆ ಗುಂಡಿ ಇದ್ದಲ್ಲಿ, ರಂಗೋಲಿಯ ಮೇಲೆ ಒಂದು ಕೊಡ ನೀರು ಸುರಿದೆ. ಅದರಿಂದ ಈಗ ಏನೂ ಆಗುವುದಿಲ್ಲ ಎಂದು ಗೊತ್ತು. ಸುರಿದೆ.

ಅತ್ತೆಗೆ ನನ್ನ ಮೇಲೆ ಸಿಟ್ಟಿದೆ ಎಂದು ಇನ್ನು ಬರೆಯಲಾರೆ.

ಮೇನ್ ಇಳಿಸಿಯೇ ಇದೆ. ಶುಕ್ರವಾರದವರೆಗೂ ಇಳಿಸಿಯೇ ಇರುತ್ತದೆ. ಬೇಗ ಬನ್ನಿ.

ಶ್ಯಾಮಲಾ


ರಿಪ್ಪನ್‌ಪೇಟೆ
16 ಏಪ್ರಿಲ್ 2025

ಮಗಳೇ ಶ್ಯಾಮಲಾ,

ನಿಮ್ಮಲ್ಲಿಂದ ಬಂದ ಮೇಲೆ ಮಂಡಿಗೆ ಎಣ್ಣೆ ಹಚ್ಚುವುದೇ ನನ್ನ ಕೆಲಸವಾಗಿದೆ. ಗುಂಡಿ ತೋಡಿದವನು ದಿನೇಶನಾದರೂ ನೋವು ನನಗೆ. ಅವನು ಚಪ್ಪಲಿ ಬಿಚ್ಚಿಟ್ಟು, ಒಬ್ಬನೇ ಆಳುದ್ದ ತೋಡಿದ. ಅಂಥ ದಿನೇಶನನ್ನು ನಾನು ನೋಡಿರಲಿಲ್ಲ.

ಧರ್ಮಪ್ಪ "ಬನಕ್ಕೆ ಹೋದ ಕಲ್ಲು ವಾಪಸ್ ತರೋದುಂಟೇನೋ ಮಾರಪ್ಪಾ?" ಎಂದು ಬನದ ಬಾಗಿಲಲ್ಲಿ ಅಡ್ಡ ನಿಂತು ಕೈ ಬೀಸುತ್ತಿದ್ದ. ಏನು ಹೇಳಿದ ಎಂದು ಆಮೇಲೆ ನೀನು ಬರೆದು ತೋರಿಸಿದ್ದು. ಆಗ ನನಗೆ ಕೇಳಲಿಲ್ಲ, ನಮಸ್ಕಾರ ಮಾಡುತ್ತಿದ್ದಾನೆಂದು ನಾನೂ ನಮಸ್ಕಾರ ಮಾಡಿ ಕಲ್ಲು ಹೊರಿಸಿಕೊಂಡು ಬಂದೆ. ಕಿವುಡಿನಿಂದ ಆದ ಒಂದೇ ಲಾಭ.

ಹೊಸ ಪೈಪು, ಹೊಸ ತಾಮ್ರದ ತಂತಿ, ಮೇಲೆ ಅದೇ ಕಲ್ಲು. ಕುಂಕುಮ ನೀನು ಹಚ್ಚಿದೆ. ಮೇನ್ ಪಕ್ಕದಲ್ಲಿ ಕೂರಿಸಿದ ಬಿಳಿ ಪೆಟ್ಟಿಗೆ ಸೋರಿಕೆ ಕಂಡ ಕೂಡಲೇ ಅದರ ಹಿಡಿ ತಾನೇ ಬಿದ್ದು ಕರೆಂಟು ಕಡಿಯುತ್ತದೆ. ಅದರ ಮೇಲಿನ ಟಿ ಅಕ್ಷರದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತು. ಬೀಳಬೇಕು. ಬೀಳದಿದ್ದರೆ ತೀರ್ಥೇಶನನ್ನು ಕರೆ, ಅವನಿಗೆ ಎಲ್ಲ ತೋರಿಸಿ ಬಂದಿದ್ದೇನೆ. ಬೆಳಿಗ್ಗೆ ಬಂದು ನೋಡಬೇಕಿತ್ತು ಎಂದು ಅವನೂ ಪೇಚಾಡಿಕೊಂಡ. ಆ ಗೀಸರನ್ನು ಯಾರಿಗೂ ದಾನ ಮಾಡಬೇಡ, ಗುಜರಿಗೆ ಹಾಕು. ಹೂವಿಯ ಕೋಣೆಯ ಸ್ವಿಚ್ಚು ಬದಲಿಸೋಣವೆಂದು ಸ್ಕ್ರೂಡ್ರೈವರ್ ತೆಗೆದಾಗ ನೀನು ನನ್ನ ಕೈ ಹಿಡಿದೆ. ಸರಿ. ಆ ಮಿಣುಕಿನಿಂದ ಅಪಾಯವಿಲ್ಲ. ಇರಲಿ ಬಿಡು.

ಬೆಕ್ಕು ಅಡುಗೆಮನೆಗೆ ಬರುತ್ತಿದೆ ಎಂದು ಕುಮುದಾ ಬರೆದು ತೋರಿಸಿದಳು. ನನ್ನ ಮೀಟರಿಗಿಂತ ಅದನ್ನೇ ನಂಬು.

ನಿಮ್ಮಲ್ಲಿದ್ದಷ್ಟು ದಿನ ಆ ಬುಧವಾರದ ವಿಷಯ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀವೆಲ್ಲ ಬನಕ್ಕೆ ಕಾಯಿ ಒಯ್ದಾಗ ನಾನು ಒಬ್ಬನೇ ಜಗಲಿಯಲ್ಲಿ ಕುರ್ಚಿ ಹಾಕಿ ಆ ಮೇನ್ ಸ್ವಿಚ್ಚನ್ನು ಬಿಚ್ಚಿದೆ. ಫ್ಯೂಸು ಹೋಗಿರಲಿಲ್ಲ. ಸ್ಪ್ರಿಂಗು ಗಟ್ಟಿಯಿದೆ. ಹಿಡಿಯನ್ನು ಎಳೆಯಲು ನನಗೇ ಎರಡು ಕೈ ಬೇಕಾಯಿತು. ತಾನಾಗಿ ಬೀಳುವ ಹಿಡಿ ಅದಲ್ಲ. ಕೆಲವು ಫೋನುಗಳು ತಾವೇ ಕರೆ ಎತ್ತುತ್ತವೆ ಎಂದು ತೀರ್ಥೇಶ ಬರೆದು ತೋರಿಸಿದ. ಇರಬಹುದು. ಆದರೆ ಹಿಡಿಯ ಮೇಲೆ ಹಳೆಯ ಧೂಳಿನಲ್ಲಿ ಒಂದು ಹೊಸ ಗೀರಿತ್ತು, ಕೋಲಿನ ತುದಿಯಷ್ಟು ಅಗಲ. ಅದನ್ನು ಒರೆಸದೆ ಮುಚ್ಚಳ ಹಾಕಿದೆ.

ಮುಕುಂದಯ್ಯನವರಿಂದ ಇವತ್ತಿನವರೆಗೆ ಕಚ್ಚಿದ ಪ್ರತಿಯೊಂದಕ್ಕೂ ಕಾರಣ ಹುಡುಕಿದ್ದೇನೆ, ಸಿಕ್ಕಿದೆ. ಇದಕ್ಕೆ ಸಿಕ್ಕಿಲ್ಲ. ಗೊತ್ತಿಲ್ಲ ಎಂದು ಬರೆಯಲು ನನಗೆ ನಾಚಿಕೆಯೂ ಇಲ್ಲ. ಗೊತ್ತಿಲ್ಲದ ಕಡೆಯಿಂದಲೇ ಕಲಿಯಲು ಶುರು ಮಾಡಿದವನು ನಾನು.

ಮಳೆ ಹಿಡಿಯುವವರೆಗೆ ಕಲ್ಲಿಗೆ ದಿನಾ ನೀರು ಹಾಕು. ಕೊಡ ಬೇಡ, ಮುಖ ತೊಳೆದ ನೀರೂ ಆಗುತ್ತದೆ, ಅದಕ್ಕೆ ಭೇದವಿಲ್ಲ. ಬಿಂದುವನ್ನು ಜೊತೆಗೆ ಕರೆದುಕೊಂಡು ಹೋಗು. ಯಾಕೆ ಎಂದು ಕೇಳಿದರೆ ಕುಂಕುಮದ ಕಥೆಯನ್ನೂ ಹೇಳು, ಕೆಳಗಿರುವ ಪೈಪಿನ ಕಥೆಯನ್ನೂ ಹೇಳು. ಎರಡೂ ಗೊತ್ತಿರಲಿ. ಒಂದನ್ನೇ ಹೇಳಿದ್ದರಿಂದ ಇಷ್ಟೆಲ್ಲ ಆಯಿತು. ಒಂದು ದಿನ ಅವಳನ್ನು ಎತ್ತಿಕೊಂಡು, ಕೈಗೆ ಕೋಲು ಕೊಟ್ಟು, ಮೇನ್ ಇಳಿಸುವುದನ್ನು ಕಲಿಸು. ಹೂವಿ ಕಲಿತದ್ದು ಆ ವಯಸ್ಸಿನಲ್ಲೇ.

ಆ ಕೋಲನ್ನು ಮತ್ತೆ ಕೋಣೆಯ ಗೂಟಕ್ಕೆ ಸಿಕ್ಕಿಸಬೇಡ. ಜಗಲಿಯಲ್ಲೇ, ಮೇನ್ ಪಕ್ಕದಲ್ಲಿ, ಕೈಗೆ ಸಿಗುವ ಹಾಗೆ ಇರಲಿ. ಯಾರ ಕೈಗೆ ಎಂದು ನಾನು ಬರೆಯುವುದಿಲ್ಲ.

ಮಾರಪ್ಪ ಮಾವ